ಹಾಸ್ಟೆಲ್ ಮಕ್ಕಳು ಮನೆಗೆ ಬಂದಾಗ

ಕಾಲೇಜುಗಳಲ್ಲಿ ಅಡ್ಮಿಷನ್ ಮುಗಿಯುತ್ತಿದ್ದಂತೆ ನಮ್ಮ ಸಭೆಗಳ ಹಿಂದಿನ ಬೆಂಚುಗಳಲ್ಲಿ ಹೊಸ ಮುಖಗಳು ಕಾಣಿಸುತ್ತವೆ. ಆರಾಧನೆ ಮುಗಿದ ಕೂಡಲೇ ಅವು ಮಾಯವೂ ಆಗುತ್ತವೆ. ಈ ಮಕ್ಕಳನ್ನು ಮನೆಗೆ ಕರೆಯುವುದು, ಅವರ ಜತೆ ನಡೆಯುವುದು, ಕ್ರಿಸ್ತನ ಶಿಷ್ಯರಾಗಿ ಬೆಳೆಸುವುದು ಹೇಗೆ ಎಂದು ಕೇಳಿದ ಪತ್ರಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ ವಿದ್ಯಾರ್ಥಿಗಳೆಂದರೆ ಪ್ರಾಣ. ಆರಾಧನೆ ಮುಗಿಯುವ ಹೊತ್ತಿಗೆ ಆರೇಳು ಜನರನ್ನು ಊಟಕ್ಕೆ ಕರೆದೇಬಿಟ್ಟಿರುತ್ತಾರೆ. ಅವರೆಲ್ಲ ಪಡಸಾಲೆಯಲ್ಲಿ ಕೂತು ಸತ್ಯವೇದದ ಮಾತಾಡುತ್ತಾರೆ, ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತೇನೆ. ಬೇಸರ ಹೇಳಿಕೊಂಡರೆ ‘ಮಾರ್ಥಳ ಹಾಗೆ ಗೊಣಗಬೇಡ’ ಎನ್ನುತ್ತಾರೆ. ತಪ್ಪು ನನ್ನದೇ?
— ಒಬ್ಬ ಗೃಹಿಣಿ, ಧಾರವಾಡ

ಉತ್ತರ: ತಪ್ಪು ನಿಮ್ಮದಲ್ಲ ತಾಯಿ. ಮಾರ್ಥಳ ಕಥೆ ಹೇಳುವವರು ಯೋಹಾನನ ಸುವಾರ್ತೆಯ 21ನೇ ಅಧ್ಯಾಯವನ್ನೂ ಓದಬೇಕು. ರಾತ್ರಿಯೆಲ್ಲ ದುಡಿದು ಬಂದ ಶಿಷ್ಯರಿಗೆ ದಡದ ಮೇಲೆ ಕೆಂಡ ಮಾಡಿ, ಮೀನು ಸುಟ್ಟು ಇಟ್ಟವನು ಯೇಸುವೇ. ಪೇತ್ರನನ್ನು ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದು ಊಟವಾದ ಮೇಲೆ. ಬೋಧಿಸುವವನು ಅಡುಗೆಗೆ ಕೈ ಹಾಕಿದರೆ ಗೌರವ ಕಡಿಮೆಯಾಗುವುದಿಲ್ಲ.

ಮಾರ್ಟಿನ್ ಲೂಥರನ ಮನೆಯನ್ನೇ ನೋಡಿ. ವಿಟ್ಟೆನ್‌ಬರ್ಗಿನಲ್ಲಿ ಅವನ ಮನೆಯ ತುಂಬ ಊಟ, ವಸತಿಗೆ ನಿಂತ ವಿದ್ಯಾರ್ಥಿಗಳಿದ್ದರು. ಊಟದ ಮೇಜಿನಲ್ಲಿ ಅವನಾಡಿದ ಮಾತುಗಳನ್ನು ಅವರು ಬರೆದಿಟ್ಟುಕೊಂಡರು, 1566ರಲ್ಲಿ ಅದು ಪುಸ್ತಕವೂ ಆಯಿತು. ಆದರೆ ಆ ಮೇಜಿಗೆ ಊಟ ಬರುತ್ತಿದ್ದದ್ದು ಅವನ ಹೆಂಡತಿ ಕಥರೀನಾ ತೋಟ ಮಾಡಿ, ಹಂದಿ ಸಾಕಿ, ಬಿಯರ್ ಕಾಯಿಸಿ ಮನೆ ತೂಗಿಸಿದ್ದರಿಂದ. ಮಾತಿಗೆ ಪುಸ್ತಕ ಬಂತು, ದುಡಿಮೆಗೆ ಬರಲಿಲ್ಲ. ನಮ್ಮ ಮನೆಗಳಲ್ಲಿ ಅದೇ ನಡೆಯುವುದು ಬೇಡ.

ನಿಮ್ಮ ಯಜಮಾನರಿಗೆ ಈ ಪುಟ ತೋರಿಸಿ. ತಿಂಗಳಿಗೆ ಒಂದೋ ಎರಡೋ ಭಾನುವಾರ ಗೊತ್ತು ಮಾಡಿ, ಎಷ್ಟು ಜನ ಎಂಬುದು ಗುರುವಾರವೇ ನಿಮಗೆ ತಿಳಿದಿರಲಿ. ಎಷ್ಟೋ ಹಾಸ್ಟೆಲ್‌ಗಳಲ್ಲಿ ಭಾನುವಾರ ರಾತ್ರಿ ಮೆಸ್ ಬಂದ್ ಇರುತ್ತದೆ, ಮಧ್ಯಾಹ್ನಕ್ಕಿಂತ ಆ ಹೊತ್ತಿನ ಊಟವೇ ಅವರಿಗೆ ಹೆಚ್ಚು ಬೇಕಾದದ್ದು. ನೀವು ದಿನಾ ಉಣ್ಣುವುದನ್ನೇ ಬಡಿಸಿ. ಹಬ್ಬದಡುಗೆ ಮಾಡಿದರೆ ಅವರು ನೆಂಟರಾಗುತ್ತಾರೆ, ಅನ್ನ ಸಾರು ಹಾಕಿದರೆ ಮನೆಯವರಾಗುತ್ತಾರೆ.

ಮನೆಯವರಾದ ಮೇಲೆ ಕೆಲಸವೂ ಅವರದೇ. 1955ರಲ್ಲಿ ಫ್ರಾನ್ಸಿಸ್ ಮತ್ತು ಈಡಿತ್ ಶೇಫರ್ ದಂಪತಿ ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರ ತಮ್ಮ ಮನೆಯಲ್ಲಿ ಲಾಬ್ರಿ ಎಂಬ ಕ್ರೈಸ್ತ ಸಮುದಾಯವನ್ನು ಶುರುಮಾಡಿದರು. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಮಗಳು ವಾರದ ಕೊನೆಗೆ ಗೆಳೆಯರನ್ನು ಕರೆತರುತ್ತಿದ್ದಳು, ಅಲ್ಲಿಂದ ಬೆಳೆದ ಕೆಲಸ ಅದು. ಲಾಬ್ರಿಗೆ ಬಂದವರು ಅರ್ಧ ದಿನ ಓದು, ಅರ್ಧ ದಿನ ಅಡುಗೆಮನೆ, ತೋಟದ ಕೆಲಸ ಎಂದು ಹಂಚಿಕೊಳ್ಳುವ ಪದ್ಧತಿ ಇದೆ. ನಿಮ್ಮಲ್ಲೂ ಹುಡುಗರು ಉಳ್ಳಾಗಡ್ಡಿ ಹೆಚ್ಚಲಿ, ಪಾತ್ರೆ ತೊಳೆಯಲಿ. ತಮ್ಮ ಮನೆಯಲ್ಲಿ ಉಂಡ ತಟ್ಟೆ ಎತ್ತಿಡದ ಒಬ್ಬ ಹುಡುಗ ಸಭಾಪಾಲಕರ ಪಕ್ಕ ನಿಂತು ಕುಕ್ಕರಿನ ತಳ ತಿಕ್ಕುವುದನ್ನು ನಾನು ನೋಡಿದ್ದೇನೆ. ತಲೆ ಬಗ್ಗಿಸಿ ತಿಕ್ಕುತ್ತಲೇ, ‘ಎರಡು ಸಬ್ಜೆಕ್ಟ್ ಬ್ಯಾಕ್ ಅದಾವ್ರಿ, ಮನ್ಯಾಗ ಹೇಳಿಲ್ಲ’ ಅಂದ. ಪಡಸಾಲೆಯಲ್ಲಿ ಕುರ್ಚಿ ಹಾಕಿ ಎದುರಿಗೆ ಕೂರಿಸಿದ್ದರೆ ಆ ಮಾತು ಬರುತ್ತಿರಲಿಲ್ಲ.

ಪ್ರಶ್ನೆ: ನಾನು ಪದವಿ ಕಾಲೇಜಿನ ಉಪನ್ಯಾಸಕ, ಮದುವೆಯಾಗಿಲ್ಲ, ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೇನೆ. ನನ್ನಂಥವನು ವಿದ್ಯಾರ್ಥಿಗಳನ್ನು ಮನೆಗೆ ಕರೆಯಬಹುದೇ?
— ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಧಾರಾಳವಾಗಿ ಕರೆಯಬಹುದು. ಕೇಂಬ್ರಿಜ್‌ನ ಚಾರ್ಲ್ಸ್ ಸಿಮಿಯನ್ ಕೊನೆಯವರೆಗೂ ಮದುವೆಯಾಗಲಿಲ್ಲ. 1782ರಿಂದ 1836ರವರೆಗೆ ಅಲ್ಲಿನ ಹೋಲಿ ಟ್ರಿನಿಟಿ ಚರ್ಚಿನ ಹೊಣೆ ಹೊತ್ತಿದ್ದವರು. ಕಾಲೇಜಿನ ತಮ್ಮ ಕೋಣೆಗೆ ಶುಕ್ರವಾರ ಸಂಜೆ ವಿದ್ಯಾರ್ಥಿಗಳನ್ನು ಚಹಾಕ್ಕೆ ಕರೆಯುತ್ತಿದ್ದರು. ಅಲ್ಲಿ ಪ್ರಸಂಗವಿಲ್ಲ, ಯಾರು ಏನು ಬೇಕಾದರೂ ಕೇಳಬಹುದಿತ್ತು. ಭಾರತಕ್ಕೆ ಬಂದು ಹೊಸ ಒಡಂಬಡಿಕೆಯನ್ನು ಉರ್ದುವಿಗೆ ತಂದ ಹೆನ್ರಿ ಮಾರ್ಟಿನ್ ಬೆಳೆದದ್ದು ಇದೇ ಸಿಮಿಯನ್ನರ ನೆರಳಿನಲ್ಲಿ. ಚಹಾ, ಬಿಸ್ಕತ್ತು, ಒಂದು ಚಾಪೆ ನಿಮ್ಮಲ್ಲೂ ಇದೆಯಲ್ಲ?

ಆದರೆ ಕೆಲವು ಕಟ್ಟುಪಾಡುಗಳನ್ನು ಮೊದಲೇ ಹಾಕಿಕೊಳ್ಳಿ. ಒಬ್ಬೊಬ್ಬರನ್ನೇ ಮನೆಗೆ ಕರೆಯಬೇಡಿ, ಮೂರು ನಾಲ್ಕು ಜನ ಒಟ್ಟಿಗೆ ಬರಲಿ. ಹುಡುಗಿಯರು ಬರುವುದಾದರೆ ಸಭೆಯ ಒಂದು ಕುಟುಂಬದ ಮನೆಯಲ್ಲಿ ಸೇರಿ, ಅವರ ಜತೆ ನಡೆಯುವ ಹೊಣೆಯನ್ನು ಆ ಮನೆಯ ಅಕ್ಕನಿಗೋ ಆಂಟಿಗೋ ಬಿಡಿ. ಒಬ್ಬನೊಡನೆ ಪ್ರತ್ಯೇಕ ಮಾತಾಡಬೇಕಾದರೆ ಕ್ಯಾಂಟೀನು, ಚರ್ಚ್ ಅಂಗಳದಂಥ ನಾಲ್ಕು ಜನ ಓಡಾಡುವ ಜಾಗವಿರಲಿ. ನಿಮ್ಮ ಕೈಯಲ್ಲಿ ಇಂಟರ್ನಲ್ ಮಾರ್ಕ್ಸ್ ಇರುವ ವಿದ್ಯಾರ್ಥಿಗೆ ನೀವೇ ಆತ್ಮಿಕ ಮಾರ್ಗದರ್ಶಕರಾಗಬೇಡಿ. ಅವನು ‘ಒಲ್ಲೆ’ ಎನ್ನುವುದು ಹೇಗೆ? ಅವನನ್ನು ಬೇರೊಬ್ಬ ಹಿರಿಯರಿಗೆ ಒಪ್ಪಿಸಿ.

ಗುಟ್ಟು ಕಾಯುವ ಮಾತು ಕೊಡುವಾಗಲೂ ಎಚ್ಚರ. ಸಾಯುವ ಮಾತೋ, ಯಾರೋ ಹಿಂಸಿಸುತ್ತಿದ್ದಾರೆ ಎಂಬ ಮಾತೋ ಬಂದರೆ ಅದು ನಿಮ್ಮಲ್ಲೇ ಉಳಿಯಬಾರದು. ಮನೋಯಾತನೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅವನ ಜತೆ ಕೂತು ನೀವೇ ಆ ನಂಬರಿಗೆ ಫೋನ್ ಹಚ್ಚಿ, ಡಾಕ್ಟರರಲ್ಲಿಗೆ ಕರೆದೊಯ್ಯಿರಿ. ಪ್ರಾರ್ಥನೆಯನ್ನೂ ಮಾಡಿ, ಆದರೆ ಪ್ರಾರ್ಥನೆ ಮಾಡಿದೆವೆಂದು ಡಾಕ್ಟರನ್ನು ಬಿಡಬೇಡಿ.

ಪ್ರಶ್ನೆ: ನಿವೃತ್ತನಾಗಿದ್ದೇನೆ. ಮೂವರು ಎಂಜಿನಿಯರಿಂಗ್ ಹುಡುಗರು ವಾರಕ್ಕೊಮ್ಮೆ ಮನೆಗೆ ಬರಲು ಒಪ್ಪಿದ್ದಾರೆ. ನಾನು ದೇವಶಾಸ್ತ್ರ ಓದಿದವನಲ್ಲ. ಅವರಿಗೆ ಏನು ಕಲಿಸಲಿ?
— ಒಬ್ಬ ಹಿರಿಯ ಓದುಗ, ಮೈಸೂರು

ಉತ್ತರ: ಅಪೊಲ್ಲೋಸನನ್ನು ನೆನೆಯಿರಿ. ಅವನು ಶಾಸ್ತ್ರಗಳಲ್ಲಿ ಪ್ರವೀಣ, ದೊಡ್ಡ ವಾಗ್ಮಿ. ಅವನಿಗೆ ದೇವರ ಮಾರ್ಗವನ್ನು ಇನ್ನಷ್ಟು ಸರಿಯಾಗಿ ತಿಳಿಸಿಕೊಟ್ಟವರು ಗುಡಾರ ಹೊಲಿಯುತ್ತಿದ್ದ ಗಂಡ ಹೆಂಡತಿ, ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಜನರ ಮುಂದೆ ತಿದ್ದಲಿಲ್ಲ, ತಮ್ಮ ಬಳಿಗೆ ಕರೆದುಕೊಂಡು ಹೇಳಿಕೊಟ್ಟರು.

ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ. ಹದಿನಾರೇ ಅಧ್ಯಾಯ, ವಾರಕ್ಕೊಂದರಂತೆ ಹೆಚ್ಚೂಕಡಿಮೆ ಒಂದು ಸೆಮಿಸ್ಟರಿಗೆ ಮುಗಿಯುತ್ತದೆ. ಅವರೇ ಓದಲಿ, ಅವರೇ ಪ್ರಶ್ನೆ ಎತ್ತಲಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲಪ್ಪ, ಮುಂದಿನ ವಾರ ನೋಡೋಣ’ ಎನ್ನಿ. ಸೃಷ್ಟಿ ಮತ್ತು ವಿಜ್ಞಾನದ ಬಗ್ಗೆ ಕೇಳಿದವನಿಗೆ ‘ಸಂದೇಹಪಡಬೇಡ’ ಎಂದು ಬಾಯಿ ಮುಚ್ಚಿಸಿದರೆ, ಸಂದೇಹ ಇದ್ದಲ್ಲೇ ಇರುತ್ತದೆ, ಹುಡುಗ ಮಾತ್ರ ಬರುವುದಿಲ್ಲ.

ಓದಿದ್ದು ಬದುಕಿಗೆ ಇಳಿಯುವುದು ನಿಮ್ಮನ್ನು ನೋಡಿ. ಲಂಚ ಕೇಳಿದಾಗ ಆಫೀಸಿನಲ್ಲಿ ಏನು ಮಾಡಿದಿರಿ, ಪೆನ್ಷನ್ ಹಣ ಹೇಗೆ ತೂಗಿಸುತ್ತೀರಿ, ಹೆಂಡತಿಯ ಮೇಲೆ ರೇಗಿದ ಮೇಲೆ ಏನು ಹೇಳಿದಿರಿ ಎಂಬುದು ಅವರಿಗೆ ಗೊತ್ತಾಗಲಿ. ಪರೀಕ್ಷೆಯ ಕಾಪಿ, ಮೊಬೈಲಿನ ಚಟ, ಕ್ಯಾಂಪಸ್ ಇಂಟರ್‌ವ್ಯೂನ ಸುಳ್ಳು, ಇವೆಲ್ಲ ಮೇಜಿನ ಮೇಲೆ ಬರಲಿ.

ಜಾತಿಯ ಮಾತನ್ನೂ ಬಿಡಬೇಡಿ. ಕ್ರೈಸ್ತರಾಗಿ ತಲೆಮಾರುಗಳೇ ಕಳೆದರೂ ‘ಅವರು ಯಾವ ಕಡೆಯವರು’ ಎಂಬ ವಿಚಾರಣೆ ನಮ್ಮ ಮನೆಗಳಿಂದ ಹೋಗಿಲ್ಲ, ಸಂಬಂಧ ಹುಡುಕುವಾಗ ಅದು ಎದ್ದು ನಿಲ್ಲುತ್ತದೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಪಂಕ್ತಿಯಿಂದ ಎದ್ದು ಹಿಂದೆ ಸರಿದಾಗ ಪೌಲ ಎಲ್ಲರ ಎದುರಿಗೇ ಅವನನ್ನು ಖಂಡಿಸಿದ. ಯಾರ ಜತೆ ಉಣ್ಣುತ್ತೀರಿ ಎಂಬುದು ಅವನಿಗೆ ಸುವಾರ್ತೆಯ ಸತ್ಯಕ್ಕೇ ಸೇರಿದ ಪ್ರಶ್ನೆಯಾಗಿತ್ತು. ನಿಮ್ಮ ಮೇಜಿನಲ್ಲಿ ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಒಂದೇ ಪಾತ್ರೆಯಿಂದ ಬಡಿಸಿಕೊಂಡರೆ ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಅವರಿಗೆ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ಮನೆಗೆ ಬರುವ ಮೆಡಿಕಲ್ ವಿದ್ಯಾರ್ಥಿನಿ ಈಚೆಗೆ ಹಿಂದೂ ರೂಮ್‌ಮೇಟನ್ನೂ ಕರೆತರುತ್ತಿದ್ದಾಳೆ. ಆ ಹುಡುಗಿಗೆ ಮನೆಯ ವಾತಾವರಣ ಇಷ್ಟ. ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನಮಗೆ. ಪ್ರಾರ್ಥನೆ ನಿಲ್ಲಿಸಬೇಕೇ?
— ದಂಪತಿ, ಮಂಗಳೂರು

ಉತ್ತರ: ಪ್ರಾರ್ಥನೆಯನ್ನು ನಿಲ್ಲಿಸಬೇಡಿ, ಮುಚ್ಚಿಡಲೂಬೇಡಿ. ‘ನಮ್ಮಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ, ಆಮೇಲೆ ಬೈಬಲ್ ಓದು ಇರುತ್ತದೆ. ನೀನು ಕೂರಬಹುದು, ಹೊರಗೆ ಕೂತು ಪುಸ್ತಕ ಓದಬಹುದು, ಬೇಗ ಹೊರಡಲೂಬಹುದು’ ಎಂದು ಆಕೆಗೆ ನೇರವಾಗಿ ಹೇಳಿ. ಮೂರರಲ್ಲಿ ಯಾವುದನ್ನು ಆರಿಸಿದರೂ ಮುಂದಿನ ವಾರದ ಕರೆ, ಬಡಿಸುವ ಕೈ ಬದಲಾಗಬಾರದು. ಆಕೆ ಕೇಳಿದರೆ ನಿಮ್ಮ ನಂಬಿಕೆಯನ್ನು ಸಂಕೋಚವಿಲ್ಲದೆ ಹೇಳಿ, ಆಕೆಯ ನಂಬಿಕೆಯ ಬಗ್ಗೆ ಅಷ್ಟೇ ಗೌರವದಿಂದ ಕೇಳಿಸಿಕೊಳ್ಳಿ.

ಮೀನು ತಿನ್ನುತ್ತಾಳೋ ಇಲ್ಲವೋ ಮೊದಲೇ ವಿಚಾರಿಸಿ. ಸಸ್ಯಾಹಾರಿಯಾದರೆ ಪಾತ್ರೆ, ಸೌಟು ಬೇರೆ ಇಡಿ, ‘ಸಾರು ಮಾತ್ರ ಹಾಕ್ಕೋ’ ಎಂದು ಒತ್ತಾಯಿಸಬೇಡಿ. ಫೀಸಿಗೋ ಪುಸ್ತಕಕ್ಕೋ ಸಹಾಯ ಮಾಡುವುದಾದರೆ ಅದಕ್ಕೂ ಪ್ರಾರ್ಥನೆಗೆ ಬರುವುದಕ್ಕೂ ಸಂಬಂಧ ಕಲ್ಪಿಸಬೇಡಿ. ಊಟ ಗಾಳವಾದರೆ ಅತಿಥಿಸತ್ಕಾರ ಸತ್ತಂತೆ. ಪಿಯುಸಿ ಓದುವ, ಹದಿನೆಂಟು ತುಂಬದ ಮಕ್ಕಳಾದರೆ ಯಾವ ಧರ್ಮದವರೇ ಇರಲಿ, ತಂದೆತಾಯಿಗೆ ತಿಳಿಸದೆ ಕರೆಯಬೇಡಿ. ಇಷ್ಟು ಬಿಚ್ಚುಮನಸ್ಸಿನಿಂದ ನಡೆದರೆ ಅಕ್ಕಪಕ್ಕದವರಿಗೆ ಹೇಳಲು ನಿಮ್ಮಲ್ಲಿ ಉತ್ತರವಿರುತ್ತದೆ. ಅವರನ್ನೂ ಒಮ್ಮೆ ಊಟಕ್ಕೆ ಕರೆಯಿರಿ.

ಪ್ರಶ್ನೆ: ಬೀದರ್ ಕಡೆಯವಳು, ಬೆಂಗಳೂರಿನ ಪಿ.ಜಿ.ಯಲ್ಲಿದ್ದು ಓದುತ್ತಿದ್ದೇನೆ. ಮೊದಲ ವರ್ಷದಿಂದ ಒಂದು ಕುಟುಂಬ ನನ್ನನ್ನು ಮಗಳಂತೆ ನೋಡಿಕೊಂಡಿದೆ. ಈಗ ಊರಿಗೆ ಹೋಗಲು, ಗೆಳತಿಯರ ಜತೆ ಸಿನಿಮಾಕ್ಕೆ ಹೋಗಲು, ಉನ್ನತ ಓದಿಗೆ ಅರ್ಜಿ ಹಾಕಲು ಅವರ ಒಪ್ಪಿಗೆ ಬೇಕು. ಮದುವೆಯನ್ನೂ ಅವರೇ ಗೊತ್ತುಮಾಡುತ್ತಾರಂತೆ. ಎದುರು ಮಾತಾಡಿದರೆ ‘ದೇವರಿಗೆ ಅವಿಧೇಯಳಾಗುತ್ತೀ’ ಎನ್ನುತ್ತಾರೆ. ಅವರ ಉಪಕಾರ ಮರೆಯಲೇ?
— ಒಬ್ಬ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಉಪಕಾರ ಮರೆಯಬೇಡಮ್ಮ. ಆದರೆ ಉಂಡ ಅನ್ನಕ್ಕೆ ಬದುಕನ್ನೇ ಒತ್ತೆ ಇಡಬೇಕಾಗಿಲ್ಲ. ನೀನು ಹೇಳಿದ ರೋಗ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಐವರು ಹೆಸರಾಂತ ಬೋಧಕರು ಸೇರಿ, ಪ್ರತಿಯೊಬ್ಬ ವಿಶ್ವಾಸಿಯೂ ಒಬ್ಬ ‘ಕುರುಬ’ನಿಗೆ ಅಧೀನನಾಗಿರಬೇಕು ಎಂದು ಕಲಿಸತೊಡಗಿದರು. ಶುರುವಿನಲ್ಲಿ ಕಾಳಜಿಯೇ ಇತ್ತು. ಬರಬರುತ್ತ ಕೆಲಸ, ಮನೆ, ಮದುವೆಗಳಿಗೂ ಅಪ್ಪಣೆ ಬೇಕಾಯಿತು, ಅನೇಕರ ಬದುಕು ನಲುಗಿತು. 80ರ ದಶಕದಲ್ಲಿ ಆ ಗುಂಪು ಚದುರಿತು. ಅವರಲ್ಲೊಬ್ಬರಾದ ಬಾಬ್ ಮಮ್‌ಫರ್ಡ್ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಿದರು.

ಸಲಹೆ ಕೊಡುವ ಹಿರಿಯರು ಬೇಕು. ಅಪ್ಪಣೆ ಕೊಡುವವರು ಬೇಡ. ‘ನನಗೆ ಹೀಗನ್ನಿಸುತ್ತದೆ, ನೀನು ಪ್ರಾರ್ಥಿಸಿ ನಿರ್ಧರಿಸು’ ಎಂದು ಹೇಳಿ, ನೀನು ಬೇರೆ ದಾರಿ ಹಿಡಿದರೂ ಬಾಗಿಲು ತೆರೆದಿಡುವವರೇ ನಿಜವಾದ ಮಾರ್ಗದರ್ಶಕರು. ನೀನು ನಿನ್ನ ಕಾಲ ಮೇಲೆ ನಿಂತು, ನಾಳೆ ನಿನ್ನದೇ ಮನೆಗೆ ಇನ್ನೊಬ್ಬರನ್ನು ಕರೆಯುವಂತಾದರೆ ಅವರ ಕೆಲಸ ಗೆದ್ದಂತೆ. ನಿನ್ನನ್ನು ಹಿಡಿದಿಟ್ಟುಕೊಂಡರೆ ಸೋತಂತೆ.

ಈ ವಾರ ಇಷ್ಟು ಮಾಡು. ಊರಿಗೆ ಫೋನ್ ಮಾಡಿ ಅಪ್ಪ ಅಮ್ಮನಿಗೆ ಎಲ್ಲವನ್ನೂ ಹೇಳು. ನೀನು ಹೋಗುವ ಸಭೆಯ ಸಭಾಪಾಲಕರನ್ನೋ, ಆ ಕುಟುಂಬಕ್ಕೆ ಸಂಬಂಧವಿಲ್ಲದ ಒಬ್ಬ ಹಿರಿಯ ಮಹಿಳೆಯನ್ನೋ ಕಂಡು ಮಾತಾಡು. ಆಮೇಲೆ ಆ ಮನೆಯವರಿಗೆ, ಬೇಕಾದರೆ ಗೆಳತಿಯೊಬ್ಬಳನ್ನು ಜತೆಗಿಟ್ಟುಕೊಂಡು, ‘ನಿಮ್ಮ ಪ್ರೀತಿಗೆ ಋಣಿ. ಇನ್ನು ಮುಂದೆ ಸಲಹೆ ಕೇಳುತ್ತೇನೆ, ನಿರ್ಧಾರ ನನ್ನದು’ ಎಂದುಬಿಡು. ಅವರು ಒಪ್ಪಿದರೆ ಊಟಕ್ಕೆ ಹೋಗುತ್ತಿರು. ಸಿಟ್ಟಾದರೆ ಕೆಲವು ತಿಂಗಳು ದೂರವಿರು. ಉನ್ನತ ಓದಿನ ಅರ್ಜಿಯನ್ನಂತೂ ಕೊನೆಯ ದಿನಾಂಕಕ್ಕೆ ಕಾಯದೆ ಹಾಕು.