ಸೋತವರೂ ಚಂದಾ ಕಟ್ಟುವ ಸಂಘ

ಸಂಘಕ್ಕೆ ಸೇರಿದವರನ್ನು ಅಲ್ಲಿ ಕಟ್ಟಿಹಾಕುವಂಥದ್ದು ಏನೂ ಇಲ್ಲ. ಸಂಬಳವಿಲ್ಲ, ರಕ್ತಸಂಬಂಧವಿಲ್ಲ. ಬೇಸರವಾದವರು ರಾಜೀನಾಮೆಯನ್ನೂ ಬರೆದುಕೊಡುವುದಿಲ್ಲ. ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ, ಮರುವರ್ಷ ಚಂದಾ ಕಟ್ಟುವುದಿಲ್ಲ. ಹಾಗಾಗಿ ಬೈಲಾ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ನನಗೆ ಈಗ ಒಂದೇ ಅಳತೆಗೋಲು: ಮಹಾಸಭೆಯಲ್ಲಿ ಸೋತವರು ಮುಂದಿನ ಏಪ್ರಿಲ್‌ನಲ್ಲಿ ರಸೀದಿ ಹರಿಸಲು ಬರುತ್ತಾರೆಯೇ?

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ನಮ್ಮ ಸಂಘವಿದೆ. ಒಂದು ವಾಚನಾಲಯ, ಹೆಂಚಿನ ಸಭಾಂಗಣ, ವರ್ಷಕ್ಕೆ ಒಂದೆರಡು ನಾಟಕ, ನವೆಂಬರ್‌ನಲ್ಲಿ ರಾಜ್ಯೋತ್ಸವ, ಬೇಸಿಗೆಯಲ್ಲಿ ಮಕ್ಕಳ ಶಿಬಿರ. ಅದರಲ್ಲಿ ನಾನು ಖಜಾಂಚಿಯಾಗಿದ್ದೆ, ಆಮೇಲೆ ಕಾರ್ಯದರ್ಶಿಯಾದೆ, ಈಗ ಬರಿಯ ಸದಸ್ಯೆ. ಗೆದ್ದ ಸಭೆಗಳಿಗಿಂತ ಸೋತ ಸಭೆಗಳಲ್ಲೇ ನಾನು ಬೈಲಾವನ್ನು ಸರಿಯಾಗಿ ಓದಿದ್ದು.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ 18 ವರ್ಷ ದಾಟಿದ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಅರ್ಜಿಯ ಜೊತೆ ಸಂಘದ ಉದ್ದೇಶಗಳನ್ನು ಹೇಳುವ ಜ್ಞಾಪನ ಪತ್ರವನ್ನೂ ನಿಯಮಾವಳಿಯನ್ನೂ ಕೊಡಬೇಕು. ಈ ನಿಯಮಾವಳಿಯನ್ನು ಸಾಮಾನ್ಯವಾಗಿ ಯಾರೂ ಕೂತು ಬರೆಯುವುದಿಲ್ಲ. ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಮಾದರಿ ಸಿಗುತ್ತದೆ; ಹೆಸರು, ವಿಳಾಸ ಬದಲಿಸಿ ಸಹಿ ಹಾಕಿದರೆ ಆಯಿತು. ನಮ್ಮದೂ ಹಾಗೆ ಬಂದದ್ದೇ. ಎಲ್ಲರೂ ಒಂದೇ ಮನಸ್ಸಿನಲ್ಲಿದ್ದಷ್ಟು ಕಾಲ ಅದನ್ನು ಬೀರುವಿನಿಂದ ಹೊರತೆಗೆಯುವ ಅಗತ್ಯವೇ ಬರಲಿಲ್ಲ.

ಅಗತ್ಯ ಬಂದದ್ದು ಸಭಾಂಗಣದ ವಿಷಯದಲ್ಲಿ. ಅದನ್ನು ಕೆಡವಿ ಕಲ್ಯಾಣ ಮಂಟಪ ಕಟ್ಟಬೇಕೆಂದು ಕೆಲವರು ಹೇಳಿದರು. ಬಾಡಿಗೆ ಬಂದರೆ ವಾಚನಾಲಯಕ್ಕೆ ಹೊಸ ಪುಸ್ತಕ ಕೊಳ್ಳಬಹುದು, ಶಿಬಿರಕ್ಕಾಗಿ ಮನೆಮನೆ ತಿರುಗಿ ದೇಣಿಗೆ ಎತ್ತುವುದು ತಪ್ಪುತ್ತದೆ ಎಂಬುದು ಅವರ ವಾದ. ಮದುವೆಯ ಲಗ್ನಗಳಿರುವ ತಿಂಗಳುಗಳಲ್ಲೇ ನಾಟಕದ ತಾಲೀಮೂ ಮಕ್ಕಳ ಶಿಬಿರವೂ ನಡೆಯುವುದು, ಆಗ ಎಲ್ಲಿಗೆ ಹೋಗುವುದು ಎಂಬುದು ನಮ್ಮ ವಾದ. ಎರಡು ಕಡೆಯವರೂ ಸಂಘದ ಒಳ್ಳೆಯದನ್ನೇ ಬಯಸಿದವರು. ಕೆಟ್ಟವರಿಂದ ಹುಟ್ಟಿದ ಜಗಳವಾಗಿದ್ದರೆ ಇಷ್ಟು ಕಲಿಯುವುದಕ್ಕೆ ಸಿಗುತ್ತಿರಲಿಲ್ಲ. ಒಳ್ಳೆಯವರೇ ಎದುರುಬದುರು ನಿಂತಾಗ ಬೈಲಾದಲ್ಲಿ ಎಲ್ಲೆಲ್ಲಿ ತೂತುಗಳಿವೆ ಎಂಬುದು ಒಂದೊಂದಾಗಿ ಕಾಣಿಸಿತು.

ಮೊದಲ ತೂತು ಸದಸ್ಯತ್ವದಲ್ಲಿತ್ತು. ಸಂಘದ ಉದ್ದೇಶಗಳನ್ನು ಒಪ್ಪುವ, 18 ವರ್ಷ ತುಂಬಿದ ಯಾರೇ ಆದರೂ ಸದಸ್ಯರಾಗಬಹುದು ಎಂದಷ್ಟೇ ಬರೆದಿತ್ತು. ಓದಲು ಉದಾರವಾಗಿದೆ. ಚುನಾವಣೆ ಹತ್ತಿರ ಬಂದಾಗ ಅರ್ಜಿಗಳ ಕಟ್ಟುಗಳೇ ಬಂದವು. ಅನೇಕ ಅರ್ಜಿಗಳು ಒಂದೇ ಕೈಬರಹದಲ್ಲಿದ್ದವು, ಚಂದಾ ಹಣವನ್ನು ಒಬ್ಬರೇ ಎಣಿಸಿ ಕೊಟ್ಟರು. ಒಂದು ಬಣ ಶುರುಮಾಡಿದ ಮೇಲೆ ಇನ್ನೊಂದು ಬಣವೂ ಅದನ್ನೇ ಮಾಡಿತು. ನಾಟಕಕ್ಕೆ ಬಣ್ಣ ಹಚ್ಚಿದವರು, ಪುಸ್ತಕಗಳಿಗೆ ಕಾಗದದ ಹೊದಿಕೆ ಹಾಕಿದವರು, ವರ್ಷಗಟ್ಟಲೆ ಕುರ್ಚಿ ಹೊತ್ತವರು ಮತದಾರರ ಪಟ್ಟಿಯಲ್ಲಿ ಅಲ್ಪಸಂಖ್ಯಾತರಾದರು.

ಇದನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಲು ಒಂದು ತೀರ್ಪೂ ಕಾರಣ. ಅಲಹಾಬಾದಿನ ಹಿಂದಿ ಸಾಹಿತ್ಯ ಸಮ್ಮೇಳನದ ಸ್ವರೂಪವನ್ನು ಬದಲಿಸಲು ಸಂಸತ್ತು 1962ರಲ್ಲಿ ಒಂದು ಕಾಯ್ದೆ ಮಾಡಿತ್ತು. ಹಳೆಯ ಸದಸ್ಯರ ಒಪ್ಪಿಗೆಯಿಲ್ಲದೆ ಹೊಸಬರನ್ನು ಒಳಗೆ ತರಲು ಅದರಲ್ಲಿ ದಾರಿಯಿತ್ತು. 1971ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಅನೂರ್ಜಿತಗೊಳಿಸಿತು. ಸಂವಿಧಾನದ 19(1)(ಸಿ) ವಿಧಿ ಕೊಟ್ಟಿರುವ ಸಂಘ ಕಟ್ಟುವ ಹಕ್ಕಿನಲ್ಲಿ, ತಾವು ಒಪ್ಪಿ ಸೇರಿಸಿಕೊಂಡವರ ಜೊತೆಯಲ್ಲೇ ಸಂಘವಾಗಿ ಮುಂದುವರಿಯುವ ಹಕ್ಕೂ ಸೇರಿದೆ ಎಂದು ಹೇಳಿತು. ಸಂಸತ್ತು ಹೊರಗಿನಿಂದ ಮಾಡಲಾಗದ್ದನ್ನು ನಾವು ಒಳಗಿನಿಂದ, ರಸೀದಿ ಪುಸ್ತಕ ಹಿಡಿದು ಮಾಡಿಬಿಡಬಹುದಲ್ಲ! ಕಾನೂನಿನ ಕಣ್ಣಿಗೆ ಇವೆರಡೂ ಒಂದೇ ಅಲ್ಲ, ನಿಜ. ಹಳೆಯ ಸದಸ್ಯನ ಪಾಲಿಗೆ ಮಾತ್ರ ಒಂದೇ.

ಆಮೇಲೆ ನಾವು ಬೈಲಾ ತಿದ್ದಿದೆವು. ಹೊಸ ಸದಸ್ಯರು ಸೇರಿದ ದಿನದಿಂದಲೇ ಪುಸ್ತಕ ಒಯ್ಯಬಹುದು, ಪಾತ್ರ ಮಾಡಬಹುದು, ಸಭೆಯಲ್ಲಿ ಕೂತು ಮಾತಾಡಬಹುದು. ಮತ ಹಾಕಲು, ಚುನಾವಣೆಗೆ ನಿಲ್ಲಲು ಒಂದು ವರ್ಷ ಪೂರ್ತಿ ಕಳೆಯಬೇಕು. ಚಂದಾವನ್ನು ಅವರವರೇ ಕಟ್ಟಬೇಕು. ಮಹಾಸಭೆಗೆ 30 ದಿನ ಮೊದಲು ಅರ್ಹ ಮತದಾರರ ಪಟ್ಟಿಯನ್ನು ವಾಚನಾಲಯದ ನೋಟಿಸ್ ಬೋರ್ಡಿಗೆ ಹಾಕಬೇಕು, ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಡಬೇಕು. ಬಾಕಿ ಉಳಿಸಿಕೊಂಡವರ ವಿಷಯದಲ್ಲಿ 1860ರ ಕೇಂದ್ರ ಕಾಯ್ದೆಯ ಮಾತನ್ನೇ ಅನುಸರಿಸಿದೆವು: ಮೂರು ತಿಂಗಳು ಮೀರಿ ಚಂದಾ ಬಾಕಿಯಿದ್ದರೆ ಮತವಿಲ್ಲ.

ಪಟ್ಟಿ ಸ್ವಚ್ಛ ಮಾಡಲು ಕೂತಾಗ ಇನ್ನೊಂದು ಸಂಗತಿ ಗೊತ್ತಾಯಿತು. ಆಜೀವ ಸದಸ್ಯರಲ್ಲಿ ತೀರಿಕೊಂಡವರ ಹೆಸರುಗಳನ್ನು ಯಾರೂ ತೆಗೆದೇ ಇರಲಿಲ್ಲ. ನಮ್ಮ ಕೋರಂ ಒಟ್ಟು ಸದಸ್ಯರ ಮೂರನೇ ಒಂದು ಭಾಗ. ಹೋದವರನ್ನೂ ಲೆಕ್ಕಕ್ಕೆ ಹಿಡಿದರೆ ಯಾವ ಸಭೆಯಲ್ಲೂ ಕೋರಂ ಆಗುವಂತಿರಲಿಲ್ಲ. ಹಾಗಾಗಿ ಪ್ರತಿ ಸಲವೂ ನಾವು ಆಹ್ವಾನ ಪತ್ರದ ಕೊನೆಯ ಸಾಲಿನ ಮೇಲೇ ನಡೆಯುತ್ತಿದ್ದೆವು. ಆ ಸಾಲು ಕರ್ನಾಟಕದ ಯಾವ ಸಂಘದವರಿಗೂ ಬಾಯಿಪಾಠ: ಕೋರಂ ಇಲ್ಲದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು, ಆಗ ಕೋರಂ ಅಗತ್ಯವಿರುವುದಿಲ್ಲ.

ಈ ಸಾಲಿನಿಂದ ಉಪಕಾರವೂ ಇದೆ. ವರ್ಷದ ಜಮಾ-ಖರ್ಚು ಒಪ್ಪಲು, ಲೆಕ್ಕ ಪರಿಶೋಧಕರನ್ನು ನೇಮಿಸಲು ಬಂದಷ್ಟು ಜನ ಸಾಕು. ಇಲ್ಲದಿದ್ದರೆ ಸಣ್ಣ ಸಂಘಗಳ ಕೆಲಸವೇ ನಿಂತುಹೋಗುತ್ತದೆ. ಆದರೆ ಆಸ್ತಿ ಮಾರುವುದು, ಕಟ್ಟಡ ಕೆಡವುವುದು, ಸಾಲ ಎತ್ತುವುದು, ಬೈಲಾ ತಿದ್ದುವುದು, ಒಬ್ಬರನ್ನು ಸದಸ್ಯತ್ವದಿಂದ ತೆಗೆಯುವುದು, ಇಂಥವನ್ನೂ ಅದೇ ಅರ್ಧ ಗಂಟೆಯ ನಂತರದ ಸಭೆಯಲ್ಲಿ ಮುಗಿಸಬಹುದೆಂದರೆ ಕೋರಂ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ನಮ್ಮ ಸಭಾಂಗಣ ಕೆಡವುವ ಠರಾವು ಮೊದಲ ಬಾರಿ ಪಾಸಾದದ್ದು ಹಾಗೆಯೇ. ಅದೂ ಅಜೆಂಡಾದ ಕಟ್ಟಕಡೆಯ ವಿಷಯದ ಅಡಿಯಲ್ಲಿ: ಅಧ್ಯಕ್ಷರ ಅನುಮತಿ ಮೇರೆಗೆ ಬರುವ ಇತರ ವಿಷಯಗಳು. ಅಷ್ಟು ಹೊತ್ತಿಗೆ ಬಸ್ಸು ಹಿಡಿಯಬೇಕಾದವರು ಎದ್ದುಹೋಗಿದ್ದರು, ಹಿಂದಿನ ಸಾಲುಗಳಲ್ಲಿ ಉಪ್ಪಿಟ್ಟು ಹಂಚುತ್ತಿದ್ದರು. ಮರುದಿನ ಸುದ್ದಿ ತಿಳಿದ ಸದಸ್ಯರಿಗೆ ನಿರ್ಧಾರಕ್ಕಿಂತ ಹೆಚ್ಚು ನೋವಾದದ್ದು ಅದಾದ ರೀತಿಗೆ. ಮನೆಗೆ ಬಂದ ಪತ್ರದಲ್ಲಿ ಈ ವಿಷಯ ಇರಲೇ ಇಲ್ಲವಲ್ಲ ಎಂದು ಎಲ್ಲರೂ ಕೇಳಿದರು. ಆ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಈಗ ನಮ್ಮ ಬೈಲಾದಲ್ಲಿ, ಇತರ ವಿಷಯಗಳ ಅಡಿಯಲ್ಲಿ ಚರ್ಚೆ ಮಾಡಬಹುದು, ಠರಾವು ಮಾಡುವಂತಿಲ್ಲ. ಇಡೀ ಬೈಲಾದಲ್ಲಿ ಉಳಿಸಿಕೊಳ್ಳಲು ಒಂದೇ ಒಂದು ಸಾಲನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಜಗಳ ಕಾವೇರಿದಾಗ ಒಬ್ಬರು ನೋಂದಣಾಧಿಕಾರಿಗೆ ದೂರು ಬರೆದರು. ಅದು ಅವರ ಹಕ್ಕು. 1960ರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ನೋಂದಣಾಧಿಕಾರಿ ಸ್ವತಃ ವಿಚಾರಣೆ ಕೈಗೊಳ್ಳಬಹುದು. ಆಡಳಿತ ಮಂಡಳಿಯ ಬಹುಮತವೋ ಸಂಘದ ಮೂರನೇ ಒಂದರಷ್ಟು ಸದಸ್ಯರೋ ಅರ್ಜಿ ಕೊಟ್ಟರೆ ಕೈಗೊಳ್ಳಲೇಬೇಕು. ತೀರಾ ಕೆಟ್ಟರೆ 27-ಎ ಸೆಕ್ಷನ್ ಅಡಿಯಲ್ಲಿ ಸರ್ಕಾರ ಆಡಳಿತಾಧಿಕಾರಿಯನ್ನೇ ನೇಮಿಸಬಹುದು. ಸಂಘದ ಮಾನ ಬೀದಿಗೆ ತಂದರು ಎಂದು ದೂರಿತ್ತವರನ್ನು ಸದಸ್ಯತ್ವದಿಂದ ತೆಗೆಯಬೇಕೆಂಬ ಕೂಗೆದ್ದಿತು. ಬೈಲಾದಲ್ಲಿ ಇದ್ದದ್ದು ಒಂದೇ ಸಾಲು: ಸಂಘದ ಹಿತಕ್ಕೆ ವಿರುದ್ಧವಾಗಿ ನಡೆದವರನ್ನು ಸಮಿತಿ ತೆಗೆದುಹಾಕಬಹುದು.

ಬೆಳಗಾವಿಯ ಲಾಡ್ಜ್ ವಿಕ್ಟೋರಿಯಾ ಎಂಬ ಫ್ರೀಮೇಸನ್ ಸಂಘದಿಂದ ಹೊರಹಾಕಲ್ಪಟ್ಟ ಸದಸ್ಯರೊಬ್ಬರ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1962ರಲ್ಲಿ ತೀರ್ಪಾಯಿತು. ಇಂಥ ಜಗಳಗಳಲ್ಲಿ ವಕೀಲರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಸಂಘಕ್ಕೆ ಸೇರಿದವರು ಅದರ ನಿಯಮಗಳಿಗೆ ಬದ್ಧರು; ಹೊರಹಾಕುವ ಅಧಿಕಾರ ನಿಯಮದಲ್ಲಿರಬೇಕು, ನಿಯಮದಂತೆ ನಡೆಯಬೇಕು, ಒಳ್ಳೆಯ ಮನಸ್ಸಿನಿಂದ ನಡೆಯಬೇಕು, ಆರೋಪಿಗೆ ಹೇಳಿಕೊಳ್ಳಲು ಅವಕಾಶ ಸಿಗಬೇಕು. ಇಷ್ಟು ಆಗಿದ್ದರೆ ನ್ಯಾಯಾಲಯ ಒಳಗೆ ಕೈಹಾಕುವುದಿಲ್ಲ. ಅಲ್ಲಿ ಗೆದ್ದದ್ದು ಲಾಡ್ಜ್. ನಿಯಮ ಪಾಲಿಸಿದ ಸಂಘಕ್ಕೆ ನ್ಯಾಯಾಲಯದಿಂದ ಹೆದರಬೇಕಾದದ್ದು ಕಡಿಮೆ ಎಂಬುದನ್ನು ನಮ್ಮ ಸಮಿತಿಗೆ ಮನಗಾಣಿಸಲು ಈ ತೀರ್ಪು ನೆರವಾಯಿತು. ಆ ಸಲ ಯಾರನ್ನೂ ತೆಗೆಯಲಿಲ್ಲ. ಆಮೇಲೆ ಬರೆದ ಕಲಮು ಉದ್ದವಾಗಿದೆ: ಆರೋಪ ಬರವಣಿಗೆಯಲ್ಲಿರಬೇಕು, ಉತ್ತರಕ್ಕೆ 15 ದಿನ ಕೊಡಬೇಕು, ದೂರು ಕೊಟ್ಟವರು ತೀರ್ಮಾನಿಸುವವರ ಸಾಲಿನಲ್ಲಿ ಕೂರಬಾರದು, ಮಹಾಸಭೆಗೆ ಮೇಲ್ಮನವಿ ಇರಬೇಕು. ಸರ್ಕಾರಕ್ಕೋ ನ್ಯಾಯಾಲಯಕ್ಕೋ ದೂರು ಕೊಟ್ಟದ್ದನ್ನೇ ಅಪರಾಧ ಎನ್ನುವಂತಿಲ್ಲ ಎಂಬ ಮಾತನ್ನೂ ಸೇರಿಸಿದೆವು.

ಲೆಕ್ಕದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಸಂಘದಲ್ಲಿ ಹಣ ಹೋಗುವುದು ಕಳ್ಳತನದಿಂದ ಅಪರೂಪ. ವೋಚರ್ ಇಲ್ಲದ ಮುಂಗಡಗಳಿಂದಲೇ ಹೆಚ್ಚು. ತಮಿಳುನಾಡಿನ ಉತ್ತರಮೇರೂರಿನ ದೇವಸ್ಥಾನದ ಗೋಡೆಯ ಮೇಲೆ, ಚೋಳ ಪರಾಂತಕನ ಕಾಲದ, ಹತ್ತನೇ ಶತಮಾನದ ಶಾಸನವಿದೆ. ಊರ ಸಭೆಯ ಸಮಿತಿಗಳಿಗೆ ಯಾರು ಅರ್ಹರು ಎಂಬ ನಿಯಮಗಳು ಅದರಲ್ಲಿವೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರು ಅನರ್ಹರು, ಅವರ ಹತ್ತಿರದ ಬಂಧುಗಳೂ ಅನರ್ಹರು. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರಿಗೂ ಅವಕಾಶವಿಲ್ಲ. ಸಾವಿರ ವರ್ಷಗಳ ಹಿಂದಿನ ಊರಿನವರು ಇಷ್ಟು ಕಟ್ಟುನಿಟ್ಟಾಗಿದ್ದರೆ ನಾವು ಮುಂಗಡ ತೀರಿಸದವರ ನಾಮಪತ್ರ ತಿರಸ್ಕರಿಸುವುದು ದೊಡ್ಡ ಮಾತೇನಲ್ಲ. ಅದನ್ನು ಬೈಲಾಕ್ಕೆ ಸೇರಿಸಿದೆವು. ಬಂಧುಗಳನ್ನು ಬಿಟ್ಟೆವು, ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ.

ಪದಾಧಿಕಾರಿಗಳ ಅವಧಿ ಎರಡು ವರ್ಷ, ಒಂದೇ ಹುದ್ದೆಯಲ್ಲಿ ಸತತವಾಗಿ ಎರಡು ಅವಧಿ. ಅವಧಿ ಹೆಚ್ಚಿಸುವ ತಿದ್ದುಪಡಿ ಮಾಡಿದರೆ ಅದು ಮುಂದಿನ ಸಮಿತಿಗೇ ಅನ್ವಯಿಸಬೇಕು, ಕೂತಿರುವವರಿಗಲ್ಲ. ಮಹಾಸಭೆಯಾದ 14 ದಿನಗಳೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು ಕಾನೂನೇ ಹೇಳುತ್ತದೆ. ಇದನ್ನು ಉದಾಸೀನ ಮಾಡಿದ ಸಂಘಗಳಿಗೆ ಬಿಸಿ ಮುಟ್ಟುವುದು ಬ್ಯಾಂಕಿನಲ್ಲಿ, ಚೆಕ್ಕಿನ ಸಹಿ ಬದಲಿಸಲು ಹೋದಾಗ.

ನಡಾವಳಿ ಪುಸ್ತಕದ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಮೊದಲು ನಮ್ಮ ನಡಾವಳಿಗಳಲ್ಲಿ ಎಲ್ಲವೂ ಸರ್ವಾನುಮತದಿಂದ ಅಂಗೀಕಾರವಾಗುತ್ತಿತ್ತು. ಸಭೆಯಲ್ಲಿ ಒಂದು ಗಂಟೆ ವಾಗ್ವಾದ ನಡೆದಿದ್ದರೂ ಪುಸ್ತಕದಲ್ಲಿ ಸರ್ವಾನುಮತವೇ. ಸೋತವರು ಅದನ್ನು ಓದಿದರೆ ತಾವು ಆ ಸಭೆಯಲ್ಲಿ ಇರಲೇ ಇಲ್ಲವೇನೋ ಎನಿಸುತ್ತಿತ್ತು. ಈಗ ಪರವಾಗಿ ಎಷ್ಟು, ವಿರುದ್ಧವಾಗಿ ಎಷ್ಟು ಎಂದು ಬರೆಯುತ್ತೇವೆ. ವಿರೋಧಿಸಿದವರು ಬಯಸಿದರೆ ತಮ್ಮ ಕಾರಣವನ್ನು ಅವರದೇ ಮಾತುಗಳಲ್ಲಿ ದಾಖಲಿಸಬಹುದು. ಸಭೆ ಮುಗಿಯುವ ಮುನ್ನ ಠರಾವುಗಳನ್ನು ಗಟ್ಟಿಯಾಗಿ ಓದಿ, ಆಮೇಲೆ ಅಧ್ಯಕ್ಷರು ಸಹಿ ಹಾಕುತ್ತಾರೆ.

ಸಭಾಂಗಣದ ವಿಷಯ ಮತ್ತೆ ಮಹಾಸಭೆಗೆ ಬಂತು, ಈ ಸಲ ಸರಿಯಾದ ನೋಟಿಸಿನೊಂದಿಗೆ, ಸ್ವಚ್ಛವಾದ ಪಟ್ಟಿಯೊಂದಿಗೆ, ಗುಪ್ತ ಮತದಾನದಲ್ಲಿ. ನಮ್ಮ ಕಡೆಯವರು ಸೋತೆವು. ಮಂಟಪ ಕಟ್ಟುವುದೆಂದಾಯಿತು. ನನ್ನ ವಿರೋಧದ ಟಿಪ್ಪಣಿ ಪುಸ್ತಕದಲ್ಲಿದೆ. ತಾಲೀಮಿಗೆ ವರ್ಷದಲ್ಲಿ ಇಂತಿಷ್ಟು ದಿನ ಬಾಡಿಗೆಯಿಲ್ಲದೆ ಬಿಟ್ಟುಕೊಡಬೇಕೆಂಬ ನಮ್ಮ ತಿದ್ದುಪಡಿಯೂ ಠರಾವಿನ ಒಳಗೇ ಸೇರಿತು. ಏಪ್ರಿಲ್‌ನಲ್ಲಿ ಹೋಗಿ ಚಂದಾ ಕಟ್ಟಿದೆ. ನನ್ನ ಹಾಗೆ ಸೋತವರಲ್ಲಿ ಬಹಳಷ್ಟು ಜನ ಕಟ್ಟಿದರು. ಆ ಹೆಂಚಿನ ಸಭಾಂಗಣ ಉಳಿಯಬೇಕಿತ್ತು ಎಂದೇ ನಾನು ಇವತ್ತಿಗೂ ನಂಬುತ್ತೇನೆ.

ಈಗ ಹೊಸ ಪ್ರಶ್ನೆ ಎದ್ದಿದೆ. ನಮ್ಮ ಸದಸ್ಯರ ಮಕ್ಕಳು, ಹಳೆಯ ನಟರು ಅನೇಕರು ಬೆಂಗಳೂರು ಸೇರಿದ್ದಾರೆ, ಚಂದಾ ತಪ್ಪಿಸುವುದಿಲ್ಲ. ತಮಗೆ ಮೊಬೈಲಿನಲ್ಲೇ ಮತ ಹಾಕಲು ಅವಕಾಶ ಬೇಕು ಎನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ನೋಟಿಸ್ ಕಳಿಸುವುದನ್ನು ನಾನು ಒಪ್ಪುತ್ತೇನೆ, ಅಂಚೆಯ ಬದಲಾಗಿ ಅಲ್ಲ, ಅಂಚೆಯ ಜೊತೆಗೆ. ದೂರದಲ್ಲಿರುವವರು ಸಭೆಯನ್ನು ಕೇಳುವುದಕ್ಕೆ, ಮಾತಾಡುವುದಕ್ಕೆ ವ್ಯವಸ್ಥೆ ಆಗಲಿ. ಆದರೆ ಗುಂಪಿನಲ್ಲಿ ಹೆಬ್ಬೆರಳೆತ್ತಿ ತೋರಿಸುವುದು ಗುಪ್ತ ಮತವಲ್ಲ, ಎದುರು ಪಕ್ಷದ ಮಾತು ಕೇಳುವ ಮೊದಲೇ ಹಾಕಿದ ಮತವೂ ನನಗೆ ಒಪ್ಪಿಗೆಯಲ್ಲ. ಬೇರೆಯವರ ಹೆಸರಿನಲ್ಲಿ ಮತ ಹಾಕುವ ಪ್ರಾಕ್ಸಿಯಂತೂ ಬೇಡವೇ ಬೇಡ. ರಸೀದಿ ಪುಸ್ತಕದ ಕಾಲದಲ್ಲಿ ಕಂಡದ್ದೇ ಮತ್ತೆ ಬರುತ್ತದೆ. ನನ್ನ ಮಾತನ್ನು ಒಪ್ಪದವರು ಸಮಿತಿಯಲ್ಲಿ ಬಹಳ ಜನರಿದ್ದಾರೆ. ಎರಡೂ ಕರಡುಗಳನ್ನು ಸದಸ್ಯರಿಗೆ ಕಳಿಸಿಯಾಗಿದೆ, ಮಹಾಸಭೆಗೆ ಇನ್ನೂ ತಿಂಗಳಿದೆ.