ಮುಂದಿನ ಗಾಡಿಗೂ ನಮಗೂ ನಡುವಿನ ಜಾಗ



ನವೆಂಬರ್ 24ರಂದು ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ನೊವೆನಾ ಆರಂಭವಾಗುತ್ತದೆ, ಡಿಸೆಂಬರ್ 3ರಂದು ಹಬ್ಬ. ಅಲ್ಲಿಂದ ಕ್ರಿಸ್ಮಸ್ ರಜೆ ಮುಗಿಯುವ ತನಕ ನಮ್ಮ ಕನ್ನಡ ಕುಟುಂಬಗಳಲ್ಲಿ ಅನೇಕರು ಊರಿಗೆ ಹೋಗಿಬರುತ್ತಾರೆ, ಊರಿನಿಂದ ನೆಂಟರೂ ಬರುತ್ತಾರೆ. ಮುಖ್ಯ ದಾರಿಗಳು ಮೂರು: ಫೋಂಡಾ, ಮೊಲೆಂ ದಾಟಿ ಅನಮೋಡ ಘಾಟ್ ಹತ್ತಿ ಖಾನಾಪುರ, ಬೆಳಗಾವಿಗೆ, ಸಾಖಳಿಯಿಂದ ಚೋರ್ಲಾ ಘಾಟ್, ಮಡಗಾಂವ್‌ನಿಂದ ಕುಂಕಳ್ಳಿ, ಕರ್ಮಲ್ ಘಾಟ್, ಕಾಣಕೋಣ ಹಾದು ಕಾರವಾರಕ್ಕೆ. ಅಗಲೀಕರಣ ಎಷ್ಟು ನಡೆದಿದ್ದರೂ ಘಾಟಿನ ಭಾಗಗಳು ಬಹುತೇಕ ಹೋಗಲೊಂದು, ಬರಲೊಂದು ಸಾಲಿನ ರಸ್ತೆಗಳೇ.

ಧರ್ಮಕೇಂದ್ರದ ಪತ್ರಿಕೆಯಲ್ಲಿ ಡ್ರೈವಿಂಗ್ ಪಾಠವೇಕೆ ಎಂದು ಕೆಲವರು ಕೇಳಬಹುದು. ಕಥೋಲಿಕ ಧರ್ಮೋಪದೇಶ ಗ್ರಂಥವು ಐದನೆಯ ಕಟ್ಟಳೆಯನ್ನು ವಿವರಿಸುವಾಗ, 2290ನೇ ಪರಿಚ್ಛೇದದಲ್ಲಿ, ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ ಪರರ ಜೀವಕ್ಕೆ ಅಪಾಯ ತರುವುದನ್ನು ಗಂಭೀರ ದೋಷವೆಂದೇ ಎಣಿಸುತ್ತದೆ. 2007ರ ಜೂನ್‌ನಲ್ಲಿ ವ್ಯಾಟಿಕನ್ ಚಾಲಕರಿಗಾಗಿಯೇ ಹತ್ತು ಕಟ್ಟಳೆಗಳನ್ನು ಪ್ರಕಟಿಸಿತು. ಕುಡಿತದ ವಿಷಯ ಎಲ್ಲರಿಗೂ ಗೊತ್ತು. ಇಲ್ಲಿ ಹೇಳಬೇಕಾದದ್ದು ಕುಡಿಯದವರೂ, ಒಳ್ಳೆಯವರೂ ದಿನವೂ ಮಾಡುವ ಒಂದು ಕೆಲಸದ ಬಗ್ಗೆ: ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗುವುದು.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಮುಂದಿನವರ ಕೆಂಪು ದೀಪ ಕಂಡು ನಮ್ಮ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡೋ ಒಂದೂವರೆಯೋ ಕಳೆದಿರುತ್ತದೆ. ಆದ್ದರಿಂದ ಕನಿಷ್ಠ ಎರಡು ಸೆಕೆಂಡು, ಅಂದರೆ ಸುಮಾರು 33 ಮೀಟರ್ ಅಂತರ ಬೇಕು. ಅಳೆಯುವುದು ಸುಲಭ. ಮುಂದಿನ ಗಾಡಿ ಒಂದು ಮರವನ್ನೋ ಕಿಲೋಮೀಟರ್ ಕಲ್ಲನ್ನೋ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಎಂದು ನಿಧಾನವಾಗಿ ಎಣಿಸಿ. ಎಣಿಕೆ ಮುಗಿಯುವ ಮುಂಚೆಯೇ ನಾವು ಅಲ್ಲಿಗೆ ಬಂದರೆ ಹತ್ತಿರವಾದೆವು. ಮಳೆಯಲ್ಲಿ, ಘಾಟ್ ಇಳಿಯುವಾಗ, ಸ್ಕೂಟರಿನಲ್ಲಿ ಹಿಂದೆ ಯಾರನ್ನಾದರೂ ಕೂರಿಸಿಕೊಂಡಾಗ ನಾಲ್ಕು ಎಣಿಸಿ.

"ಜಾಗ ಬಿಟ್ಟರೆ ಇನ್ನೊಬ್ಬ ಬಂದು ತೂರಿಕೊಳ್ಳುತ್ತಾನೆ" ಎಂಬ ದೂರು ಇದ್ದೇ ಇದೆ. ತೂರಿಕೊಳ್ಳಲಿ ಬಿಡಿ. ಮತ್ತೆ ಅಷ್ಟು ಅಂತರ ಮಾಡಿಕೊಳ್ಳಲು ನಮಗೆ ತಗಲುವುದು ಎರಡು ಸೆಕೆಂಡು. ಬೆಳಗಾವಿ ತಲುಪುವುದರೊಳಗೆ ಮೂವತ್ತು ಜನ ಹೀಗೆ ಬಂದರೂ ಒಂದು ನಿಮಿಷ ತಡವಾದೀತು.

ಅಷ್ಟೇ ಅಲ್ಲ, ಎರಡು ಸಾಲಿನ ರಸ್ತೆಯಲ್ಲಿ ಆ ಜಾಗ ನಮ್ಮೊಬ್ಬರದೇ ಅಲ್ಲ. ಓವರ್‌ಟೇಕ್ ಮಾಡುವವನ ಲೆಕ್ಕ ನೋಡಿ. ಲಾರಿ 40ರಲ್ಲಿದೆ, ಕಾರು 60ರಲ್ಲಿ. ಹಿಂದೆ 20 ಮೀಟರ್, ಲಾರಿಯ ಉದ್ದ 10, ಮುಂದೆ 20, ಕಾರಿನದೇ ಒಂದು 4. ಇಷ್ಟನ್ನು ದಾಟಲು ಹತ್ತಿರ ಹತ್ತಿರ 10 ಸೆಕೆಂಡು ಬೇಕು. ಅಷ್ಟರಲ್ಲಿ ಕಾರು 160 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಎದುರಿನಿಂದ 60ರಲ್ಲಿ ಬರುವವನೂ ಅಷ್ಟೇ ಹತ್ತಿರ ಬಂದಿರುತ್ತಾನೆ. ಅಂದರೆ 330 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು. ಕರ್ಮಲ್ ಘಾಟಿನ ತಿರುವುಗಳಲ್ಲಿ ಅಷ್ಟು ನೇರ ದಾರಿ ಎಲ್ಲಿದೆ? ಒಂದು ಲಾರಿಯ ಹಿಂದೆ ಐದು ಕಾರುಗಳು ಅಂಟಿಕೊಂಡಿದ್ದರೆ ಮುನ್ನುಗ್ಗಿದವನಿಗೆ ನಡುವೆ ಒಳಗೆ ಬರಲು ಎಡೆಯೇ ಇಲ್ಲ, ಆರನ್ನೂ ದಾಟಲೇಬೇಕು. ಅವನು ಆತುರಗೇಡಿಯೇ ಇರಬಹುದು. ಆದರೂ ಎದುರಿನಿಂದ ಬಸ್ಸು ಬಂದಾಗ ಅವನು ಉಳಿಯುವುದು ನಾವು ಬಿಟ್ಟ ಜಾಗದಲ್ಲಿ. ಅವನ ಜೊತೆ ಬಸ್ಸಿನವರೂ.

ಇದೇ ಕಾರಣಕ್ಕೆ, ನಮ್ಮನ್ನು ಯಾರಾದರೂ ದಾಟುತ್ತಿರುವಾಗ ವೇಗ ಹೆಚ್ಚಿಸಬಾರದು. ಇದು ಬರೀ ಸೌಜನ್ಯವಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯೂ ಇದನ್ನೇ ಹೇಳುತ್ತದೆ. ಎರಡು ಗಾಡಿ ಸರಾಗವಾಗಿ ಹಾಯಲಾಗದಷ್ಟು ಕಿರಿದಾದ ಏರಿನಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಭಾರ ಹೊತ್ತ ಲಾರಿ ಏರಿನ ನಡುವೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟ ಎಂಬುದನ್ನು ನಮ್ಮಲ್ಲಿರುವ ಲಾರಿ ಚಾಲಕರನ್ನೇ ಕೇಳಿ. ನಡುವೆ ಮುರಿಯದ ಗೆರೆ ನಮ್ಮ ಬದಿಯಲ್ಲಿದ್ದರೆ ದಾಟುವ ಮಾತೇ ಇಲ್ಲ.

ಇನ್ನು ಇಂಡಿಕೇಟರ್. ನಮ್ಮ ಧರ್ಮಪ್ರಾಂತ್ಯದಲ್ಲಿ ಕೊಂಕಣಿ, ಮರಾಠಿ, ಹಿಂದಿ, ಕನ್ನಡ ಎಲ್ಲವೂ ಉಂಟು. ರಸ್ತೆಯಲ್ಲಿ ಎಲ್ಲರಿಗೂ ಇರುವುದು ಆ ದೀಪದ ಭಾಷೆಯೊಂದೇ. ಅದರಲ್ಲೂ ಗೊಂದಲವಿದೆ. ಮುಂದಿನ ಲಾರಿ ಬಲ ದೀಪ ಹಾಕಿದರೆ ಕೆಲವರಿಗೆ ಅದು "ದಾಟಿ ಹೋಗು", ಕೆಲವರಿಗೆ "ಎದುರಿಗೆ ಗಾಡಿ ಇದೆ, ಬರಬೇಡ"; ಅವನು ನಿಜಕ್ಕೂ ಬಲಕ್ಕೆ ತಿರುಗುತ್ತಲೂ ಇರಬಹುದು. ಹಾಗಾಗಿ ಇನ್ನೊಬ್ಬರ ದೀಪ ನಂಬಿ ದಾಟಬೇಡಿ. ದಾರಿ ಸ್ವಂತ ಕಣ್ಣಿಗೆ ಕಂಡರೆ ಮಾತ್ರ ದಾಟಿ. ಅಂತರ ಬಿಟ್ಟವನಿಗೇ ದಾರಿ ಕಾಣುವುದು ಎಂಬುದನ್ನೂ ಗಮನಿಸಿ. ಲಾರಿಯ ಬೆನ್ನಿಗೆ ಅಂಟಿದವನಿಗೆ ಕಾಣುವುದು "ಹಾರ್ನ್ ಓಕೆ ಪ್ಲೀಸ್" ಮಾತ್ರ.

ನೊವೆನಾದ ದಿನಗಳಲ್ಲಿ ಇದು ಇನ್ನೂ ಮುಖ್ಯ. ಬೆಳಗಾವಿ, ಖಾನಾಪುರದ ಕಡೆಯಿಂದ ಯಾತ್ರಿಕರು ಗುಂಪು ಗುಂಪಾಗಿ ಹಳೇ ಗೋವಾಕ್ಕೆ ಕಾಲ್ನಡಿಗೆಯಲ್ಲಿ ಬರುತ್ತಾರೆ, ಬೆಳಗಿನ ಜಾವದ ಕತ್ತಲಲ್ಲೂ. ಅವರನ್ನು ಕಂಡು ಮುಂದಿನ ಲಾರಿ ಬಲಕ್ಕೆ ಸರಿಯುತ್ತದೆ. ಹಿಂದೆ ಅಂಟಿದವನಿಗೆ ಅವರು ಕಾಣುವುದು ಲಾರಿ ಸರಿದ ಮೇಲೆಯೇ. ನಡೆದು ಬರುವವರು ಎದುರು ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೊಬ್ಬರಂತೆ, ತಿಳಿ ಬಣ್ಣದ ಬಟ್ಟೆಯಲ್ಲಿ, ಮುಂದೊಂದು ಹಿಂದೊಂದು ಟಾರ್ಚ್ ಹಿಡಿದು ನಡೆಯಲಿ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಯುವಕರು ಚರ್ಚಿನ ಅಂಗಳದಲ್ಲಿ 33 ಮೀಟರ್ ಅಳೆದು ಎರಡು ಸುಣ್ಣದ ಗೆರೆ ಎಳೆಯಲಿ. ದೊಡ್ಡವರ ಹೆಜ್ಜೆಯಲ್ಲಿ ಸುಮಾರು 45 ಹೆಜ್ಜೆ. ಗಾಡಿ ಓಡಿಸುವವರು, ಓಡಿಸುವವರ ಪಕ್ಕ ಕೂರುವವರು, ಎಲ್ಲರೂ ಒಮ್ಮೆ ನಡೆದು ನೋಡಿ.