ತೇಲುವ ನೆಲದ ಮೇಲೆ ವಿಮಾನ

ಮುಂದೆ ಸಾಗುತ್ತಿರುವ ಎತ್ತಿನ ಗಾಡಿಯನ್ನು ಹಿಂದಿನಿಂದ ಓಡಿಬಂದು ಹತ್ತುವ ಹುಡುಗನನ್ನು ನಾವೆಲ್ಲರೂ ಕಂಡಿದ್ದೇವೆ. ಗಾಡಿಯಷ್ಟೇ ವೇಗದಲ್ಲಿ ಅವನೂ ಓಡಿದರೆ ಗಾಡಿಯ ಮಟ್ಟಿಗೆ ಅವನು ನಿಂತಂತೆಯೇ ಸರಿ. ಆಗ ಹತ್ತುವುದು ಸುಲಭ. ಸಾಪೇಕ್ಷ ವೇಗವೆಂದು ನಾವು ತರಗತಿಯಲ್ಲಿ ಕಲಿಯುವ ಈ ಸರಳ ತತ್ತ್ವವನ್ನು ನಂಬಿಯೇ ಬ್ರಿಟಿಷ್ ನೌಕಾಪಡೆಯು ಹಡಗಿನ ಮೇಲೆ ವಿಮಾನವನ್ನು ಇಳಿಸತೊಡಗಿತು. ಆ ತತ್ತ್ವವು ಎಲ್ಲಿಯವರೆಗೆ ಕೈಹಿಡಿಯಿತು, ಎಲ್ಲಿ ಸಾಲದೆ ಹೋಯಿತು ಎಂಬುದನ್ನು ವಿಚಾರಿಸೋಣ.

1917ರ ಆಗಸ್ಟ್ 2ರಂದು ‘ಫ್ಯೂರಿಯಸ್’ ಎಂಬ ಯುದ್ಧನೌಕೆಯು ಗಂಟೆಗೆ ಸುಮಾರು 48 ಕಿಲೋಮೀಟರ್ ವೇಗದಿಂದ ಗಾಳಿಗೆ ಎದುರಾಗಿ ಸಾಗುತ್ತಿತ್ತು. ಎದುರುಗಾಳಿಯ ವೇಗ ಸುಮಾರು 39 ಕಿಲೋಮೀಟರ್. ಇವೆರಡನ್ನೂ ಕೂಡಿದರೆ ಡೆಕ್ಕಿನ ಮೇಲೆ ಬೀಸುವ ಗಾಳಿಯ ವೇಗ 87 ಕಿಲೋಮೀಟರ್. ವಿಮಾನವನ್ನು ಎತ್ತಿಹಿಡಿಯುವುದು ಗಾಳಿಗೆ ಸಾಪೇಕ್ಷವಾದ ವೇಗವೇ ಹೊರತು ನೆಲಕ್ಕೆ ಸಾಪೇಕ್ಷವಾದುದಲ್ಲ. ಆದುದರಿಂದ ಎಡ್ವಿನ್ ಡನ್ನಿಂಗ್ ಎಂಬ ಅಧಿಕಾರಿಯ ಹಗುರವಾದ ‘ಸಾಪ್‌ವಿತ್ ಪಪ್’ ವಿಮಾನವು ಡೆಕ್ಕಿನ ಮೇಲೆ ಬಂದಾಗ ಬಹುಮಟ್ಟಿಗೆ ನಿಂತಂತೆಯೇ ಇದ್ದಿತು. ಗೆಳೆಯರು ಓಡಿಬಂದು, ಅದಕ್ಕೆ ಕಟ್ಟಿದ್ದ ಪಟ್ಟಿಗಳನ್ನು ಕೈಯಿಂದಲೇ ಹಿಡಿದು ಕೆಳಗೆಳೆದರು. ಚಲಿಸುವ ಹಡಗಿನ ಮೇಲೆ ವಿಮಾನವಿಳಿದುದು ಪ್ರಪಂಚದಲ್ಲಿ ಅದೇ ಮೊದಲು. ಐದು ದಿನಗಳ ಅನಂತರ ಮತ್ತೆ ಇಳಿಯಲು ಯತ್ನಿಸಿದಾಗ ವಿಮಾನವು ಡೆಕ್ಕಿನ ಅಂಚನ್ನು ದಾಟಿ ಸಮುದ್ರಕ್ಕುರುಳಿತು. ಡನ್ನಿಂಗ್ ಮುಳುಗಿ ಮಡಿದನು. ಆಗ ಅವನಿಗೆ 25 ವರ್ಷ.

ಈ ಸಾವಿನಿಂದ ಪಾಠ ಕಲಿತದ್ದಾಯಿತು. 1918ರಲ್ಲಿ ಸೇವೆಗೆ ಬಂದ ‘ಆರ್ಗಸ್’ ಹಡಗಿಗೆ ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ಅಡೆತಡೆಯಿಲ್ಲದ ಡೆಕ್ಕನ್ನು ಹಾಸಿದರು. ಅದೇ ವರ್ಷ ನೌಕಾಪಡೆಯ ವಿಮಾನದಳವು ನೂತನ ವಾಯುಪಡೆಯಲ್ಲಿ ವಿಲೀನವಾಯಿತು. 1924ರಲ್ಲಿ ‘ಫ್ಲೀಟ್ ಏರ್ ಆರ್ಮ್’ ಎಂಬ ಹೆಸರು ಪಡೆದ ಈ ಶಾಖೆಯು 1939ರಲ್ಲಿ ಮರಳಿ ನೌಕಾಪಡೆಯ ಕೈಸೇರಿತು. ಅದರ ಸ್ಕ್ವಾಡ್ರನ್ನುಗಳಲ್ಲಿ 800ರಿಂದ ಮೊದಲಾದ ಸಂಖ್ಯೆಯವು ಯುದ್ಧಕ್ಕೆ. 700ರಿಂದ ಮೊದಲಾದವು ಮುಖ್ಯವಾಗಿ ತರಬೇತಿ ಮತ್ತು ಪರೀಕ್ಷೆಗಳಿಗೆ. ನೆಲದ ಮೇಲಿನ ವಿಮಾನನಿಲ್ದಾಣಗಳಿಗೂ ಹಡಗಿನ ಹೆಸರೇ ಇರುವುದು ಒಂದು ಸ್ವಾರಸ್ಯ: ಯೋವಿಲ್ಟನ್ ನಿಲ್ದಾಣವು ‘ಹೆರನ್’, ಅಂದರೆ ಬಕಪಕ್ಷಿ. ಇಂತಹ ನಿಲ್ದಾಣಗಳ ಓಟದಾರಿಯ ಮೇಲೆ ಡೆಕ್ಕಿನ ಅಳತೆಯನ್ನು ಗುರುತಿಸಿ, ಚಾಲಕರು ಅಲ್ಲಿ ಮತ್ತೆ ಮತ್ತೆ ಇಳಿದು ಕೈ ಕುದುರಿಸಿಕೊಂಡ ಮೇಲೆಯೇ ಕಡಲಿಗೆ ಹೋಗುತ್ತಿದ್ದರು.

ವಿಮಾನದ ವೇಗ ಹೆಚ್ಚಿದಂತೆ ಕಷ್ಟವೂ ಹೆಚ್ಚಿತು. 1945ರ ಡಿಸೆಂಬರ್ 3ರಂದು ಎರಿಕ್ ಬ್ರೌನ್ ಎಂಬಾತನು ‘ಓಷನ್’ ಹಡಗಿನ ಮೇಲೆ ಜೆಟ್ ವಿಮಾನವನ್ನು ಇಳಿಸಿದನು. ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಜೆಟ್ಟು ಸೆಕೆಂಡಿಗೆ 60 ಮೀಟರ್ ವೇಗದಿಂದ ಬರುವುದೆಂದೂ, ಹಡಗು ಮತ್ತು ಗಾಳಿಯ ಒಟ್ಟು ವೇಗ 20 ಮೀಟರ್ ಎಂದೂ ಇಟ್ಟುಕೊಳ್ಳೋಣ. ಡೆಕ್ಕಿಗೆ ಸಾಪೇಕ್ಷವಾದ ವೇಗ 40 ಮೀಟರ್. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗದಲ್ಲಿ ಮೂರನೆಯ ಒಂದು ಭಾಗ ತಗ್ಗಿದರೆ ಶಕ್ತಿಯು ಒಂಬತ್ತರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ಇಷ್ಟಾದರೂ, 60 ಮೀಟರಿನೊಳಗೆ ವಿಮಾನವನ್ನು ನಿಲ್ಲಿಸಲು ಅದರ ತೂಕದ ಸುಮಾರು 1.4ರಷ್ಟು ಬಲದಿಂದ ಹಿಂದಕ್ಕೆ ಎಳೆಯಬೇಕು! ಇದು ಮನುಷ್ಯರ ಕೈಗೆ ಸಾಧ್ಯವಿಲ್ಲ. ಡೆಕ್ಕಿಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ತಂತಿಗೆ ವಿಮಾನದ ಬಾಲದ ಕೊಕ್ಕೆ ಸಿಕ್ಕಿಕೊಂಡು ಈ ಕೆಲಸ ನಡೆಯುತ್ತದೆ.

ಕೊಕ್ಕೆಯು ತಂತಿಗೆ ಸಿಗದಿದ್ದರೆ? ಮುಂದೆ ಸಾಲಾಗಿ ನಿಂತ ವಿಮಾನಗಳು. ನಡುವೆ ಒಂದು ತಡೆಬಲೆ ಮಾತ್ರ. 1951ರಲ್ಲಿ ಡೆನ್ನಿಸ್ ಕ್ಯಾಂಬೆಲ್ ಎಂಬ ನೌಕಾಧಿಕಾರಿಯು ಸೂಚಿಸಿದ ಉಪಾಯ ಎಷ್ಟು ಸರಳ ನೋಡಿ: ಇಳಿಯುವ ದಾರಿಯನ್ನು ಹಡಗಿನ ನಡುಗೆರೆಗೆ ಕೆಲವು ಅಂಶಗಳಷ್ಟು ಓರೆಯಾಗಿಡುವುದು. ಆಗ ತಂತಿ ತಪ್ಪಿದವನ ಮುಂದೆ ಬರಿಯ ಆಕಾಶ. ಎಂಜಿನ್ನಿನ ಪೂರ್ಣಬಲದಿಂದ ಮೇಲೆದ್ದು, ಸುತ್ತಿಬಂದು ಮತ್ತೆ ಇಳಿಯಬಹುದು.

ಇನ್ನೊಂದು ತೊಡಕು ಕಾಲದ್ದು. ಮೊದಲು ಡೆಕ್ಕಿನ ಅಂಚಿನಲ್ಲಿ ನಿಂತವನೊಬ್ಬನು ಕೈಸನ್ನೆಯಿಂದ ಚಾಲಕನಿಗೆ ದಾರಿ ತೋರುತ್ತಿದ್ದನು. ಸನ್ನೆ ಕಂಡು ತಿದ್ದಿಕೊಳ್ಳಲು ಒಂದು ಸೆಕೆಂಡು ಹಿಡಿದರೂ ಅಷ್ಟರಲ್ಲಿ ಜೆಟ್ಟು ಡೆಕ್ಕಿಗೆ 40 ಮೀಟರ್ ಹತ್ತಿರ ಬಂದಿರುತ್ತದೆ. ನಿಕೊಲಸ್ ಗುಡ್‌ಹಾರ್ಟ್ ಎಂಬಾತನು ಆ ಮನುಷ್ಯನ ಸ್ಥಾನದಲ್ಲಿ ನಿಮ್ನದರ್ಪಣವನ್ನಿಟ್ಟನು. ಕನ್ನಡಿಯಲ್ಲಿ ಪ್ರತಿಫಲಿಸಿದ ಬೆಳಕು ಇಕ್ಕೆಲದ ಹಸಿರು ದೀಪಗಳ ಸಾಲಿಗೆ ಸಮವಾಗಿ ಕಂಡರೆ ದಾರಿ ಸರಿ. ಮೇಲೆ ಕಂಡರೆ ವಿಮಾನವು ಎತ್ತರದಲ್ಲಿದೆ, ಕೆಳಗೆ ಕಂಡರೆ ತಗ್ಗಿನಲ್ಲಿದೆ. ತಿದ್ದುವ ಹೊಣೆ ಚಾಲಕನ ಕಣ್ಣಿಗೇ ಬಂದಿತು.

ಈ ಚರಿತ್ರೆಗೂ ನಮಗೂ ನೇರವಾದ ಸಂಬಂಧವುಂಟು. ಭಾರತೀಯ ನೌಕಾಪಡೆಯ 300ನೆಯ ಸ್ಕ್ವಾಡ್ರನ್ನು 1960ರಲ್ಲಿ ಸ್ಥಾಪಿತವಾದುದು ವೇಲ್ಸ್‌ನ ಬ್ರಾಡಿ ನಿಲ್ದಾಣದಲ್ಲಿ. ಬ್ರಿಟನ್ನಿನಲ್ಲಿ ‘ಹರ್ಕ್ಯುಲಿಸ್’ ಎಂದು ಆರಂಭವಾಗಿ ಅರ್ಧಕ್ಕೇ ನಿಂತಿದ್ದ ಹಡಗು, ಓರೆ ಡೆಕ್ಕಿನೊಡನೆ ಪೂರ್ಣಗೊಂಡು, 1961ರಲ್ಲಿ ‘ವಿಕ್ರಾಂತ’ವಾಗಿ ನಮ್ಮ ಸೇವೆಗೆ ಸೇರಿ 1997ರವರೆಗೆ ದುಡಿಯಿತು. 2014ರಲ್ಲಿ ಕಾರವಾರಕ್ಕೆ ಬಂದ ‘ವಿಕ್ರಮಾದಿತ್ಯ’ದ ಡೆಕ್ಕಿನಲ್ಲಿಯೂ ಆ ಓರೆದಾರಿಯನ್ನು ಕಾಣಬಹುದು.

ಡನ್ನಿಂಗನ ಧೈರ್ಯಕ್ಕೆ ಕೊರತೆಯಿರಲಿಲ್ಲ. ಅವನ ವಿಮಾನಕ್ಕೆ ಕೊಕ್ಕೆಯಿರಲಿಲ್ಲ. ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಸೂತ್ರಗಳು ಒಂದು ತಂತಿಯಾಗಿ, ಒಂದು ಕನ್ನಡಿಯಾಗಿ ಎಷ್ಟು ಪ್ರಾಣಗಳನ್ನು ಉಳಿಸಬಲ್ಲವೆಂಬುದನ್ನು, ಮುಂದಿನ ಸಲ ಸಾಪೇಕ್ಷ ವೇಗದ ಲೆಕ್ಕ ಬಿಡಿಸುವಾಗ ನಾವು ನೆನೆಯೋಣ.